ಕಲ್ಲುಗಿಡದ ಬುಡದಲ್ಲೊಂದು ಬಟ್ಟೆಯ ಚೂರು

ನನ್ನ ಕಲ್ಲುಗಿಡಗಳನ್ನು ಕಾಡುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಬೇರಿನ ಬುಡದಲ್ಲೇ, ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದ.

ಹಿಂದಿನ ಕಥೆ ಚುಟುಕಾಗಿ ಹೇಳುತ್ತೇನೆ. ತರಿಸಿದ್ದು ಆರು ಲಿಥಾಪ್ಸ್ ಲೆಸ್ಲಿಯೈ, ಬೆಣಚುಕಲ್ಲಿನಂತೆಯೇ ಕಾಣುವ ಪುಟ್ಟ ಕಲ್ಲುಗಿಡ. ಎರಡು ಮೊದಲ ಮಳೆಗಾಲದಲ್ಲೇ ಲೋಳೆಯಾದವು. ಅದು ನನ್ನದೇ ತಪ್ಪು, ವಾದ ಮಾಡುವುದಿಲ್ಲ. ಉಳಿದ ನಾಲ್ಕರ ಕಾಯಿಲೆಯೇ ಬೇರೆ. ಚಳಿಗಾಲದಲ್ಲಿ ಹೊಸ ಎಲೆಜೋಡಿ ಹುಟ್ಟುತ್ತದೆ, ಸರಿ. ಆದರೆ ಏಪ್ರಿಲ್ ಬಂದರೂ ಹಳೆಯ ಜೋಡಿ ಒಣಗುವುದಿಲ್ಲ. ಬೆಂಗಳೂರಿನ ಬಾಡಿಗೆ ಮನೆಗಳ ಹಾಗೆ ಮಹಡಿ ಮೇಲೆ ಮಹಡಿ. ಕಳೆದ ವರ್ಷ ಒಂದು ಗಿಡ ಮೂರನೇ ಮಹಡಿ ಕಟ್ಟಲು ಹೋಗಿ ಸೀಳಿ ಸತ್ತಿತು. ಉಳಿದದ್ದು ಮೂರು.

ಈ ಗಿಡದ ಸಂಸಾರ ಹೀಗೆ. ಇರುವುದು ಒಂದೇ ಜೋಡಿ ಎಲೆ, ಅದೇ ಅದರ ಟ್ಯಾಂಕ್. ಹೊಸ ಜೋಡಿ ಒಳಗಿನಿಂದ ಅಡ್ಡಲಾಗಿ ಬಂದು, ಹಳೆಯದರ ನೀರನ್ನೆಲ್ಲ ಹೀರಿ ದಪ್ಪಗಾಗಬೇಕು. ಹಳೆಯದು ಹಾವಿನ ಪೊರೆಯಂತೆ ತೆಳ್ಳಗಾಗಿ ಸುತ್ತ ಉಳಿಯಬೇಕು. ಈ ಹೊತ್ತಿನಲ್ಲಿ ಬೇರಿಗೆ ನೀರು ಸಿಕ್ಕರೆ ಕೆಟ್ಟಿತು. ನಲ್ಲಿ ಸುರಿಯುತ್ತಿರುವಾಗ ಟ್ಯಾಂಕ್ ಯಾಕೆ ಖಾಲಿ ಮಾಡಬೇಕು, ಅಲ್ವಾ?

ಹಾಗಾಗಿ ಮೊದಲ ಅನುಮಾನ ಬಿದ್ದದ್ದು ಮಾವಿನ ಮಳೆ ಮೇಲೆ. ಗಿಡ ಬಾಯಾರಿ ಕೂರಬೇಕಾದ ಏಪ್ರಿಲ್‌ನಲ್ಲೇ ಇಲ್ಲಿ ಗುಡುಗು. ನಮೀಬಿಯಾದ ಕರಾವಳಿ ಕಡೆ ಕೆಲವು ಲಿಥಾಪ್ಸ್‌ಗಳ ತವರಿನಲ್ಲಿ ವರ್ಷಕ್ಕೆ 100 ಮಿ.ಮೀ. ಮಳೆಯೂ ಆಗುವುದಿಲ್ಲ. ನಮ್ಮೂರಿನ ಸರಾಸರಿ 900 ದಾಟುತ್ತದೆ. ತಾರಸಿಯಲ್ಲಿ ಪಾಲಿಕಾರ್ಬೊನೇಟ್ ಶೀಟು ಹೊದಿಸಿದೆ. ಹನಿ ಬೀಳಲಿಲ್ಲ. ಆದರೂ ಹಳೆ ಎಲೆ ಗುಂಡಗೆ, ನನ್ನನ್ನೇ ಅಣಕಿಸುತ್ತ ಕೂತಿತ್ತು.

ಎರಡನೇ ಅನುಮಾನ ಮಣ್ಣಿನ ಮೇಲೆ. ಇಲ್ಲಿ ಪ್ಯೂಮಿಸ್, ಅಂದರೆ ನೀರಲ್ಲಿ ತೇಲುವ ಹಗುರ ಜ್ವಾಲಾಮುಖಿ ಕಲ್ಲು, ಮಾರುವವರ ಬಗ್ಗೆ ಎರಡು ಮಾತು ಆಡಲೇಬೇಕು. ‘ಅಪ್ಪಟ ಪ್ಯೂಮಿಸ್’ ಎಂದು ಬಂದ ಐದು ಕಿಲೋ ಚೀಲವನ್ನು ಬಕೆಟ್ಟಿಗೆ ಸುರಿದರೆ ಎಲ್ಲ ತಳ ಸೇರಿತು. ಒಂದು ಕಲ್ಲೂ ತೇಲಲಿಲ್ಲ. ಮೇಲೆ ನಿಂಬೆಹಣ್ಣು ಹಿಂಡಿದೆ, ಬುಸ್ ಎಂದು ನೊರೆ ಬಂತು. ಸುಣ್ಣದ ಕಲ್ಲಿನ ಚೂರು! ಫೋನ್ ಮಾಡಿದರೆ ‘ತೊಳೆದು ಹಾಕಿ ಸಾರ್’ ಅಂದರು. ಏನನ್ನು ತೊಳೆಯಲಿ, ಕೈಯನ್ನೇ? ಬೇರೆ ಕಡೆಯಿಂದ ನಿಜವಾದದ್ದು ತರಿಸಿ ಮೂರನ್ನೂ ಬೇರೆ ಬೇರೆ ಕುಂಡಕ್ಕೆ ಹಾಕಿದೆ. ಸಣ್ಣ ಬೇರು ಹರಿದೀತೆಂದು ಬುಡದ ಉಂಡೆಯನ್ನು ಮಾತ್ರ ಮುಟ್ಟಲಿಲ್ಲ. ಈ ವಾಕ್ಯ ನೆನಪಿಟ್ಟುಕೊಳ್ಳಿ.

ಆಮೇಲೆ ಒಡವೆ ತೂಗುವ ಪುಟ್ಟ ತಕ್ಕಡಿ ತಂದೆ. ನೀರು ನಿಲ್ಲಿಸಿ ವಾರ ಮೂರಾಗಿತ್ತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಒಂದು ಗಿಡದ ಕುಂಡ ತೂಗಿದೆ. ದಿನಕ್ಕೆ ಹೆಚ್ಚುಕಮ್ಮಿ ಒಂದು ಗ್ರಾಂ ಇಳಿಯುತ್ತಲೇ ಇತ್ತು. ತಲೆ ಕೆಡಿಸಿದ್ದು ಇಳಿಯುವ ಹೊತ್ತು. ಪೂರ್ತಿ ಹಗಲಲ್ಲೇ! ಈ ಗಿಡ ತನ್ನ ರಂಧ್ರ ತೆರೆಯುವುದು ಹೆಚ್ಚಾಗಿ ಕಲ್ಲು ನೀರು ಕರಗುವ ಹೊತ್ತಿನಲ್ಲಿ. ರಾತ್ರಿಯ ತಂಪಿನಲ್ಲಿ ಗಾಳಿ ಒಳಗೆಳೆದು, ಅದರ ಇಂಗಾಲವನ್ನು ಹುಳಿಯಾಗಿ ಕೂಡಿಟ್ಟು, ಹಗಲು ಬಾಗಿಲು ಹಾಕಿಕೊಂಡು ಅಡುಗೆ ಮಾಡುವ ಜಾತಿ. ಹಾಗಾದರೆ ಹಗಲಲ್ಲಿ ನೀರು ಖರ್ಚು ಮಾಡುತ್ತಿರುವವರು ಯಾರು?

ಅನುಮಾನ ಬಗೆಹರಿಸಲು ಅದೇ ಮಣ್ಣು ತುಂಬಿದ, ಗಿಡವಿಲ್ಲದ ಒಂದು ಕುಂಡಕ್ಕೆ ನೀರು ಕುಡಿಸಿ ಪಕ್ಕದಲ್ಲಿಟ್ಟೆ. ಐದನೇ ದಿನಕ್ಕೆ ಅದರ ತೂಕ ನಿಂತುಹೋಯಿತು. ಅಂದರೆ ತಪ್ಪು ಮಣ್ಣಿನದಲ್ಲ. ಉಳಿದದ್ದು ಆ ಮುಟ್ಟದ ಉಂಡೆ.

ಆ ಗಿಡ ಕಿತ್ತೆ. ಮೇಲಿನ ಮಣ್ಣು ಉದುರಿದರೆ ಒಳಗೆ ಹೆಬ್ಬೆರಳು ಗಾತ್ರದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಗಟ್ಟಿ. ಅದರ ಸುತ್ತ ನರ್ಸರಿಯವರು ಸಸಿ ಎಬ್ಬಿಸಲು ಬಳಸುವ ಬಿಳಿ ಬಟ್ಟೆ. ಬೆರಳಲ್ಲಿ ಒತ್ತಿದೆ. ಮೂರು ವಾರಕ್ಕೂ ಹೆಚ್ಚು ಕಾಲ ನೀರು ಕಾಣದ ಕುಂಡದಲ್ಲಿ ಒದ್ದೆ! ಮಾರುವಾಗ ‘ಮಣ್ಣು ಬದಲಿಸಿದ್ದೇವೆ’ ಎಂದು ಪ್ರಮಾಣ ಮಾಡಿದ್ದರು. ಬದಲಿಸಿದ್ದು ನಿಜ, ಬಟ್ಟೆಯ ಹೊರಗಿನದನ್ನು.

ಬಟ್ಟೆ ಕತ್ತರಿಸಿ, ಕೊಕೊಪೀಟ್ ತೊಳೆದು, ಮೂರು ದಿನ ನೆರಳಲ್ಲಿ ಒಣಗಿಸಿ, ಒಣ ಪ್ಯೂಮಿಸ್‌ನಲ್ಲಿ ಕೂರಿಸಿದೆ. ಉಳಿದೆರಡಕ್ಕೂ ಅದೇ ಶಸ್ತ್ರಚಿಕಿತ್ಸೆ. ಹತ್ತು ದಿನಕ್ಕೆ ಹಳೆ ಎಲೆಯ ಅಂಚು ಸುಕ್ಕಾಯಿತು. ಒಂದು ತಿಂಗಳಿಗೆ ಕಾಗದ. ಹೊಸ ಜೋಡಿ ಮಾತ್ರ ದಿನದಿನಕ್ಕೂ ಉಬ್ಬುತ್ತಿತ್ತು. ಖುಷಿ ಕೊಟ್ಟದ್ದು ತಕ್ಕಡಿ. ಆ ಇಡೀ ತಿಂಗಳಲ್ಲಿ ಕುಂಡದ ತೂಕ ಇಳಿದದ್ದು ಎರಡೇ ಗ್ರಾಂ. ಈ ಜೇಬಿನಿಂದ ಆ ಜೇಬಿಗೆ ದುಡ್ಡು ಹೋಯಿತು, ಮನೆಯ ಲೆಕ್ಕ ಹಾಗೇ ಇತ್ತು.

1811ರಲ್ಲಿ ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಬಳಿ ವಿಲಿಯಂ ಬರ್ಚೆಲ್ ವಿಚಿತ್ರ ಬೆಣಚುಕಲ್ಲು ಎಂದುಕೊಂಡು ಎತ್ತಿದ್ದು ಇದೇ ಕುಲದ ಗಿಡವನ್ನು. ಅವನಿಗಾದರೂ ಕೈಗೆತ್ತಿದ ಮೇಲೆ ಗೊತ್ತಾಯಿತು. ನನಗೆ ಎರಡು ವರ್ಷ ಬೇಕಾಯಿತು.

ತಕ್ಕಡಿ ಇದ್ದೇ ಇದೆಯಲ್ಲ, ಮುಂದಿನದು ಮಂಜು. ಮೆಕ್ಸಿಕೊದ ಚಿವಾವಾ ಮರುಭೂಮಿಯ ಒಪನ್ಶಿಯಾ ಮೈಕ್ರೋಡೇಸಿಸ್ ಗೊತ್ತಲ್ಲ, ಮುಟ್ಟಿದರೆ ವಾರ ತುರಿಸುವ ಪಾಪಾಸುಕಳ್ಳಿ. 2012ರಲ್ಲಿ ಚೀನಾದ ಸಂಶೋಧಕರು ಅದರ ಮುಳ್ಳನ್ನು ಮಂಜಿನಲ್ಲಿಟ್ಟು ನೋಡಿದರು. ತುದಿಯಲ್ಲಿ ಕಟ್ಟಿದ ಹನಿ ತಾನೇ ಬುಡದ ಕಡೆ ಜಾರುತ್ತದೆ, ತುದಿ ಮೇಲಿದ್ದರೂ ಕೆಳಗಿದ್ದರೂ. ಮುಳ್ಳು ತುದಿಗೆ ಚೂಪು, ಬುಡಕ್ಕೆ ದಪ್ಪ. ಆ ಆಕಾರವೇ ಹನಿಯನ್ನು ದಪ್ಪ ಕಡೆಗೆ ತಳ್ಳುತ್ತದೆ. ಮುಳ್ಳಿನ ಮೇಲಿನ ಗೀರುಗಳೂ ಕೈ ಜೋಡಿಸುತ್ತವೆ. ಡಿಸೆಂಬರ್‌ನಲ್ಲಿ ಸಕಲೇಶಪುರದ ಅತ್ತೆ ಮನೆಗೆ ಒಂದು ಕುಂಡ ಒಯ್ದು, ಬೆಳಗಿನ ಮಂಜಿಗೆ ಇಟ್ಟು ತೂಗುವ ಯೋಚನೆ ಇದೆ. ಅತ್ತೆಗೆ ಇನ್ನೂ ಹೇಳಿಲ್ಲ. ಕಳ್ಳಿ ಮಾತ್ರ ಆರ್ಡರ್ ಆಗಿದೆ. ‘ಮಣ್ಣು ಬದಲಿಸಿ ಕಳಿಸುತ್ತೇವೆ’ ಎಂದಿದ್ದಾರೆ. ಕತ್ತರಿ ರೆಡಿ ಇಟ್ಟುಕೊಂಡಿದ್ದೇನೆ.