ಎರಡು ಗುಟುಕು ಗಂಜಿ

16 ಜುಲೈ 2024, ಮಂಗಳವಾರ, ರಾತ್ರಿ

"ಬೆಳಗಿಂದ ಹೊಟ್ಟೆಗೇನೂ ಇಲ್ಲ ಸಿಸ್ಟರ್, ಎರಡು ಗುಟುಕು ಗಂಜಿ ಕುಡಿಸ್ಲಾ?" ಒಳಗೆ ಹೆರಿಗೆನೋವಿನಲ್ಲಿದ್ದ ಮಗಳಿಗಾಗಿ ಲೇಬರ್ ರೂಮಿನ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ತಾಯಿ ಕೇಳಿದ್ದು ಇಷ್ಟೇ. ಕುಡಿಸಿ ಅಮ್ಮ, ಅಂದೆ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಗೆ ಗಾಬರಿ. "ಎನ್‌ಪಿಒ ಅಲ್ವಾ ಮೇಡಂ?" ಅಂದರೆ ಬಾಯಿಂದ ಏನೂ ಕೊಡಬಾರದು ಅನ್ನೋ ಸೂಚನೆ.

ಈ ಉಪವಾಸದ ಬೇರು 1946ರಲ್ಲಿದೆ. ನ್ಯೂಯಾರ್ಕಿನ ಡಾಕ್ಟರ್ ಕರ್ಟಿಸ್ ಮೆಂಡೆಲ್ಸನ್ 44,016 ಬಸುರಿಯರ ದಾಖಲೆ ತೆಗೆದು ನೋಡಿದರು. 66 ಮಂದಿಗೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು. ಆಗೆಲ್ಲ ಮುಖಕ್ಕೆ ಮಾಸ್ಕ್ ಹಿಡಿದು ಪೂರ್ತಿ ಎಚ್ಚರ ತಪ್ಪಿಸುತ್ತಿದ್ದ ಕಾಲ. ಈಗ ಸಿಸೇರಿಯನ್ ಆದರೂ ಹೆಚ್ಚಿನವರಿಗೆ ಬೆನ್ನಿಗೆ ಇಂಜೆಕ್ಷನ್, ತಾಯಿ ಮಾತಾಡುತ್ತಲೇ ಇರುತ್ತಾಳೆ. ತೊಡಕಿಲ್ಲದ ಹೆರಿಗೆಯಲ್ಲಿ ಊಟ, ನೀರು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ಬಾಯಿ ಕಟ್ಟಿದ ಕೂಡಲೇ ಡ್ರಿಪ್ ಬರುತ್ತೆ. ಡ್ರಿಪ್ ಬಂತೆಂದರೆ ಓಡಾಟ ನಿಂತು ಮಲಗಿದ್ದೇ ಆಯಿತು. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಹೃದಯಕ್ಕೆ ರಕ್ತ ಕಡಿಮೆ, ಮಗುವಿಗೂ ಕಡಿಮೆ. ಗ್ಲೂಕೋಸ್ ಬಾಟಲಿ ಹೆಚ್ಚಾದರೆ ಮಗುವಿನ ಮೈ ಇನ್ಸುಲಿನ್ ಹೆಚ್ಚಿಸಿಕೊಳ್ಳುತ್ತೆ, ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಅದಕ್ಕೆ ಸಕ್ಕರೆ ಇಳಿಯುತ್ತೆ.

ತೆಳು ಗಂಜಿ, ಎಳನೀರು, ಬೇಕೆಂದರೆ ಮೆತ್ತಗಿನ ಒಂದು ಇಡ್ಲಿ. ನೋವು ಬಿಟ್ಟಾಗ, ಸ್ವಲ್ಪ ಸ್ವಲ್ಪವೇ, ಕೂರಿಸಿ ಕೊಡಬೇಕು. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಎಬ್ಬಿಸಬೇಕು. ಇದನ್ನೇ ಎಲ್ಲರೂ ಮರೆಯೋದು. ತುಂಬಿದ ಮೂತ್ರಕೋಶ ಮಗುವಿನ ತಲೆ ಇಳಿಯೋಕೆ ಅಡ್ಡ, ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗೋಕೂ ಅಡ್ಡ. ನೋವು ಇಳಿಸೋ ಪೆಥಿಡಿನ್ ಕೊಟ್ಟವರಿಗೆ, ಫಿಟ್ಸ್ ಬರುವಷ್ಟು ಬಿಪಿ ಏರಿದವರಿಗೆ, ಮಗುವಿನ ಎದೆಬಡಿತ ಕೆಟ್ಟು ಆಪರೇಷನ್ ಥಿಯೇಟರಿಗೆ ಹೋಗಬಹುದಾದವರಿಗೆ ಮಾತ್ರ ಊಟ ಬೇಡ.

ಎನಿಮಾ, ಶೇವಿಂಗ್ ಕೂಡ ಹೀಗೇ ಉಳಿದುಕೊಂಡವು. ಸೋಂಕು ತಡೆಯುತ್ತೆ ಅಂತ ಶುರುವಾಗಿದ್ದು, ತಡೆಯೋದಿಲ್ಲ. ಬ್ಲೇಡು ಆಡಿದಲ್ಲೆಲ್ಲ ಸಣ್ಣ ಗಾಯ ಬೇರೆ.

ಮಳೆ ಇನ್ನೂ ಬಿಟ್ಟಿಲ್ಲ. ಆ ಹುಡುಗಿಯನ್ನು ಗದರಬಾರದಿತ್ತು, ಅಡ್ಮಿಷನ್ ಶೀಟಿನಲ್ಲಿ ಅಚ್ಚಾಗಿದ್ದನ್ನೇ ಅವಳು ಓದಿದ್ದು.

ನಾಳೆ ಆ ಸಾಲು ಹೊಡೆದುಹಾಕಿಸಬೇಕು. ಅರಿವಳಿಕೆಯವರ ಭಯವೂ ಸುಳ್ಳಲ್ಲ, ದಿಢೀರನೆ ಎಚ್ಚರ ತಪ್ಪಿಸಬೇಕಾದರೆ ಅಪಾಯ ಇದ್ದೇ ಇದೆ. ಆದರೆ ನೋವು ಶುರುವಾದ ಮೇಲೆ ಹೊಟ್ಟೆ ಖಾಲಿಯಾಗೋದೇ ನಿಧಾನ, ಎಂಟು ಗಂಟೆ ಉಪವಾಸ ಕೆಡವಿದರೂ ಆಮ್ಲ ಒಳಗೇ ಇರುತ್ತೆ. ಅವರು ಹೇಗೂ ಹೊಟ್ಟೆ ತುಂಬಿದೆ ಅಂತಲೇ ಲೆಕ್ಕ ಹಿಡಿದು ತಯಾರಾಗುತ್ತಾರಲ್ಲ, ಅಂದಮೇಲೆ ಗಂಜಿಗೆ ಅಡ್ಡಿ ಯಾಕೆ?