ಬಡಗಿಯ ಮಗ ಕಟ್ಟಿದ ನೀತಿಶಾಸ್ತ್ರ: ವಿಲಿಯಂ ಹ್ಯೂವೆಲ್

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಚಿಂತಕ ಹ್ಯೂವೆಲ್‌ನ ನೀತಿಶಾಸ್ತ್ರವನ್ನು ಹೆಚ್ಚಿನವರು ಬಲ್ಲದ್ದು, ಹೆಚ್ಚು ಜನರ ಹೆಚ್ಚು ಸುಖವೇ ನೀತಿಯ ಅಳತೆ ಎಂದ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1852ರಲ್ಲಿ ಬರೆದ ಕಟುವಿಮರ್ಶೆಯಿಂದ. ಎದುರಾಳಿಯ ಬಾಯಿಂದ ಕೇಳಿ ಒಬ್ಬನನ್ನು ಅಳೆಯುವುದು ನ್ಯಾಯವಲ್ಲ. ಮೂಲ ಕೃತಿಯನ್ನೇ ಬಿಡಿಸಿ ನೋಡಬೇಕು.

ಹುಟ್ಟಿದ್ದು 1794ರಲ್ಲಿ, ಲ್ಯಾಂಕಾಸ್ಟರ್‌ನಲ್ಲಿ, ಬಡಗಿ ಮೇಸ್ತ್ರಿಯ ಮನೆಯಲ್ಲಿ. ವಿದ್ಯಾರ್ಥಿವೇತನದ ಆಸರೆಯಿಂದ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು ಸೇರಿ, 1816ರ ಗಣಿತ ಪರೀಕ್ಷೆಯಲ್ಲಿ ಎರಡನೆಯವನಾದ. 1825ರಲ್ಲಿ ಪಾದ್ರಿದೀಕ್ಷೆ. ಮೊದಲು ಖನಿಜಶಾಸ್ತ್ರದ ಪ್ರಾಧ್ಯಾಪಕ, 1838ರಿಂದ 1855ರವರೆಗೆ ನೈಟ್‌ಬ್ರಿಜ್ ಹೆಸರಿನ ಪೀಠದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕ, 1841ರಿಂದ ಟ್ರಿನಿಟಿಯ ಮುಖ್ಯಸ್ಥ. ಸಮುದ್ರದ ಭರತ-ಇಳಿತದ ಅಧ್ಯಯನಕ್ಕೆ ರಾಯಲ್ ಸೊಸೈಟಿಯ ಪದಕವೂ ಬಂತು.

ನೀತಿಶಾಸ್ತ್ರದ ಮೇಲೆ ಆತ 1845ರಲ್ಲಿ ಬರೆದ 'ಎಲಿಮೆಂಟ್ಸ್ ಆಫ್ ಮೊರಾಲಿಟಿ' ಕೃತಿಯ ಕಟ್ಟೋಣ ಹೀಗಿದೆ. ಮನುಷ್ಯನಿಗೆ ಐದು ಮೂಲ ಬಯಕೆಗಳು: ಮೈಗೆ ರಕ್ಷಣೆ, ಸ್ವತ್ತು, ಕೊಟ್ಟ ಮಾತಿನ ಮೇಲೆ ಭರವಸೆ, ಕುಟುಂಬ, ನಾಗರಿಕ ವ್ಯವಸ್ಥೆ. ಇವನ್ನು ಕಾಯಲು ಐದು ಹಕ್ಕುಗಳು: ದೇಹದ್ದು, ಆಸ್ತಿಯದು, ಒಪ್ಪಂದದ್ದು, ವಿವಾಹದ್ದು, ಆಡಳಿತದ್ದು. ಹಕ್ಕುಗಳಿಗೆ ಸರಿಯಾಗಿ ಅದೇ ಕ್ರಮದಲ್ಲಿ ಐದು ಸದ್ಗುಣಗಳು: ಪರಹಿತ, ನ್ಯಾಯ, ಸತ್ಯ, ಶುದ್ಧತೆ, ಶಿಸ್ತು. ಕದಿಯಬಾರದೆಂಬುದು ಕಾನೂನಿನ ಮಾತು. ಪರರ ಸ್ವತ್ತಿಗೆ ಆಸೆಪಡದ ಮನಸ್ಸನ್ನು ಬೆಳೆಸಿಕೊಳ್ಳುವುದು ನೀತಿಯ ಮಾತು. ಹೊರಗಿನ ನಡೆಯಿಂದ ಒಳಗಿನ ಇಂಗಿತದತ್ತ ಸಾಗುವ ಈ ದಾರಿಯೇ ಕೃತಿಯ ನಿಜವಾದ ಬಲ.

ತೊಡಕು ಬರುವುದು ಹಕ್ಕುಗಳ ಜಾಗದಲ್ಲಿ. ಯಾವುದು ಯಾರ ಆಸ್ತಿ ಎಂದು ಹೇಳುವುದು ಆಯಾ ದೇಶದ ಕಾನೂನು. ಹಾಗಾದರೆ ಇದ್ದ ಕಾನೂನನ್ನೇ ನೀತಿಯೆಂದು ಒಪ್ಪಿದಂತಾಗಲಿಲ್ಲವೇ? ಮಿಲ್ ಚುಚ್ಚಿದ್ದು ಇಲ್ಲೇ. ಆದರೆ ಹ್ಯೂವೆಲ್ ಕಾನೂನನ್ನು ಕೊನೆಯ ಮಾತೆಂದು ಎಣಿಸಲಿಲ್ಲ. ಕಾನೂನು ತಿದ್ದಿಕೊಳ್ಳುತ್ತ ಹೋಗಬೇಕು ಎಂದ. ಗುಲಾಮಗಿರಿ ಮನುಷ್ಯನನ್ನು ವಸ್ತುವಾಗಿಸುತ್ತದೆ, ಆದ್ದರಿಂದ ಅದು ಅನೀತಿ ಎಂದು ಸ್ಪಷ್ಟವಾಗಿಯೇ ಬರೆದ. ಜೊತೆಗೆ, 1837ರಲ್ಲಿ ಮೂರು ಸಂಪುಟಗಳ ವಿಜ್ಞಾನದ ಇತಿಹಾಸ ಬರೆದವನಿಗೆ, ಮೂಲ ಕಲ್ಪನೆಗಳು ಶತಮಾನಗಳಲ್ಲಿ ನಿಧಾನವಾಗಿ ತಿಳಿಯಾಗುತ್ತವೆ ಎಂಬುದು ಗೊತ್ತಿತ್ತು. ನೀತಿಗೂ ಅದನ್ನೇ ಅನ್ವಯಿಸಿದ. ಈ ಉತ್ತರ ಅರ್ಧ ದಾರಿ ಮಾತ್ರ ಸಾಗುತ್ತದೆ ಎಂಬುದು ನನ್ನ ಅಭಿಪ್ರಾಯ: ಎರಡು ಸದ್ಗುಣಗಳು ಒಂದಕ್ಕೊಂದು ಎದುರು ನಿಂತಾಗ ಯಾವುದು ಮೇಲು ಎನ್ನಲು ಕೈಯಲ್ಲಿ ಹಿಡಿಯುವಂಥ ಅಳತೆಗೋಲನ್ನು ಆತ ಕೊಡುವುದಿಲ್ಲ. ಮಿಲ್‌ನ ಬಳಿ ಅದು ಇತ್ತು: ಯಾವುದರಿಂದ ಹೆಚ್ಚು ಸುಖವೋ ಅದೇ ಮೇಲು.

ವಿಶ್ವವಿದ್ಯಾಲಯದಲ್ಲಿ ಆತ ಮಾಡಿದ ಕೆಲಸವಂತೂ ಉಳಿಯಿತು. ಈತನ ಒತ್ತಾಯದಿಂದ ಕೇಂಬ್ರಿಡ್ಜ್ 1848ರಲ್ಲಿ ನೀತಿವಿಜ್ಞಾನಗಳ ಪದವಿ ಪರೀಕ್ಷೆಗೆ ಒಪ್ಪಿತು. ಮೊದಲ ಪರೀಕ್ಷೆ 1851ರಲ್ಲಿ. ನೀತಿಶಾಸ್ತ್ರದ ಜೊತೆ ಅರ್ಥಶಾಸ್ತ್ರ, ಆಧುನಿಕ ಇತಿಹಾಸ, ನ್ಯಾಯಶಾಸ್ತ್ರ, ಇಂಗ್ಲೆಂಡಿನ ಕಾನೂನು ಸೇರಿದ್ದವು.

1866ರ ಮಾರ್ಚ್ 6ರಂದು, ಕುದುರೆಯಿಂದ ಬಿದ್ದ ಪೆಟ್ಟಿನಿಂದ ತೀರಿಕೊಂಡ. ಉಯಿಲಿನಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕ ಪೀಠಕ್ಕೆ ಹಣ ಬಿಟ್ಟಿದ್ದ. ಷರತ್ತು ಇಷ್ಟು: ಪ್ರಾಧ್ಯಾಪಕ ಯುದ್ಧದ ಕೇಡನ್ನು ತಗ್ಗಿಸುವ, ಕೊನೆಗೆ ಯುದ್ಧವನ್ನೇ ಇಲ್ಲವಾಗಿಸುವ ನಿಯಮಗಳನ್ನು ಗುರಿಯಾಗಿಟ್ಟುಕೊಳ್ಳಬೇಕು. ಆ ಪೀಠ ಇಂದಿಗೂ ಇದೆ.