ಹಾಜರಿ ಕೂಗುವ ಹೊತ್ತು

1994ರಲ್ಲಿ ನಾನು ಈ ಶಾಲೆಯಲ್ಲಿ ಎಂಟನೇ ಕ್ಲಾಸು. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಆಟದ ಮೈದಾನ, ಟೂರು ಎಲ್ಲ ನೆನಪಾದವು. ಆದರೂ ಮನಸ್ಸು ಹೋಗಿ ನಿಂತಿದ್ದು ಹಾಜರಿಯ ಹತ್ತಿರ.

ನಮ್ಮ ಕ್ಲಾಸಿನ ಒಬ್ಬ ಹುಡುಗನಿಗೆ ಉಗ್ಗು. ‘ಪ್ರೆಸೆಂಟ್ ಸಾರ್’ ಅನ್ನಲು ಹೋಗಿ ‘ಪ್... ಪ್...’ ಎಂದು ಒದ್ದಾಡುತ್ತಿದ್ದ. ಎಷ್ಟು ಪೆಡಲ್ ತುಳಿದರೂ ಸ್ಟಾರ್ಟ್ ಆಗದ ಲೂನಾ ಮೊಪೆಡ್! ಅವನಿಗೆ ‘ಲೂನಾ’ ಎಂದು ಹೆಸರಿಟ್ಟವನು ನಾನೇ. ಮಾರನೇ ದಿನದಿಂದ ಅವನ ಸರದಿ ಬಂದಾಗ ಹಿಂದಿನ ಬೆಂಚಿನವರು ಡೆಸ್ಕಿನ ಕೆಳಗೆ ಪೆಡಲ್ ತುಳಿಯತೊಡಗಿದರು. ಅವನೂ ನಗುತ್ತಿದ್ದ. ಅವನೇ ನಗ್ತಾನಲ್ವಾ, ಇನ್ನೇನು ಅಂದುಕೊಂಡಿದ್ದೆ.

ಆಮೇಲೆ ಅವನು ಹಾಜರಿ ಮುಗಿದ ಮೇಲೆ ಬರತೊಡಗಿದ. ಎಮ್ಮೆ ಕಟ್ಟಿ ಬರೋದು ತಡವಾಯ್ತು ಎನ್ನುತ್ತಿದ್ದ. ಅವರ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

ಗುಟ್ಟು ತಿಳಿದವರು ಕನ್ನಡ ಮೇಷ್ಟ್ರು. ಯಾರನ್ನೂ ಬೈಯಲಿಲ್ಲ. ಒಂದು ಸೋಮವಾರ, ‘ಇನ್ಮೇಲೆ ಎಲ್ಲರೂ ಸುಮ್ನೆ ಕೈ ಎತ್ತಿ, ಸಾಕು’ ಎಂದರು. ಅಷ್ಟೇ. ಪೆಡಲ್ ತುಳಿಯಲು ಸಮಯವೇ ಸಿಗದಂತಾಯಿತು. ಪದ್ಯವನ್ನು ಇಬ್ಬಿಬ್ಬರು ಒಟ್ಟಿಗೆ ಓದಬೇಕು ಎಂದೂ ಹೇಳಿದರು. ಅವನ ಜೋಡಿ ನಾನು! ಮಾನ ಹೋಯಿತು ಅಂದುಕೊಂಡೆ. ಓದಲು ಶುರುಮಾಡಿದೆವು. ನನ್ನ ದನಿಯ ಪಕ್ಕದಲ್ಲೇ ಅವನ ದನಿ ಎಲ್ಲೂ ನಿಲ್ಲದೆ ಸಾಗಿತು. ಹಳಗನ್ನಡದಲ್ಲಿ ಎಡವಿದವನು ನಾನು.

ಎಷ್ಟೋ ವರ್ಷದ ಮೇಲೆ ಅಕ್ಕನ ಮಗನನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಾಗ ವಿಷಯ ತಿಳಿಯಿತು. ಉಗ್ಗು ಇರುವವರು ಇನ್ನೊಬ್ಬರ ಜೊತೆ ದನಿಗೂಡಿಸಿ ಓದಿದರೆ, ಹಾಡಿದರೆ, ಸಾಮಾನ್ಯವಾಗಿ ಮಾತು ಸಲೀಸಾಗಿ ಬರುತ್ತದಂತೆ. ಎಲ್ಲರೂ ತಮ್ಮನ್ನೇ ನೋಡುತ್ತ ಕಾಯುವಾಗ ಜಾಸ್ತಿ ಸಿಕ್ಕಿಕೊಳ್ಳುತ್ತದಂತೆ. ಅಂದರೆ ಅವನಿಗೆ ಅತಿ ಕಷ್ಟದ ಗಳಿಗೆಯನ್ನೇ ನೋಡಿ ನಾವು ದಿನಾ ನಗುತ್ತಿದ್ದೆವು. ಮೇಷ್ಟ್ರಿಗೆ ಅದು ಹೇಗೆ ಹೊಳೆದಿತ್ತೋ, ಕೇಳಲೇ ಇಲ್ಲ.

ಈಗಿನ ಮಕ್ಕಳಿಗೆ 1098 ಸಹಾಯವಾಣಿ ಇದೆ. ಒಳ್ಳೆಯದೇ. ಆದರೆ ‘ನನ್ನನ್ನು ಲೂನಾ ಅಂತಾರೆ’ ಎಂದು ಫೋನ್ ಮಾಡಲು ಯಾವ ಹುಡುಗನಿಗೆ ಬಾಯಿ ಬಂದೀತು? ಅದೂ ಉಗ್ಗುವ ಹುಡುಗನಿಗೆ?

ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಇವತ್ತಿಗೂ ಅವನು ಲೂನಾನೇ. ಕರೆದಾಗಲೆಲ್ಲ ನಗುವ ಎಮೋಜಿ ಹಾಕುತ್ತಾನೆ. ಹೋದ ತಿಂಗಳು ಅವನ ಹುಟ್ಟುಹಬ್ಬ. ನಾನು ಅವನ ನಿಜವಾದ ಹೆಸರು ಬರೆದು ಶುಭಾಶಯ ಹೇಳಿದೆ.

ಐದು ನಿಮಿಷದಲ್ಲಿ ಒಬ್ಬ ಕೇಳಿದ: ‘ಅದ್ಯಾರೋ?’